ಬಿಸಿಲಿಲ್ಲದ ಮನೆಯಲ್ಲಿ ಮೊದಲ ಮೆಣಸಿನಗಿಡ: ಓದುಗರ ಪ್ರಶ್ನೆಗಳಿಗೆ ಉತ್ತರ

ನಮ್ಮದು ಒಂದು ಬೆಡ್‌ರೂಮಿನ ಫ್ಲ್ಯಾಟ್. ಬಾಲ್ಕನಿಗೆ ಎದುರುಮನೆ ಗೋಡೆ ಅಡ್ಡ. ಅಡುಗೆಮನೆ ಪಕ್ಕದಲ್ಲಿ ಎರಡಡಿ ಜಾಗವಿದೆ. ಅಲ್ಲಿ ದೀಪ ಹಾಕಿ ಒಂದೇ ಒಂದು ಮೆಣಸಿನಗಿಡ ಬೆಳೆಸಬಹುದೇ? ಏನೇನು ಬೇಕು?
— ಓದುಗರು, ಮಲ್ಲೇಶ್ವರಂ

ಬೆಳೆಸಬಹುದು. ಮೊದಲ ಸಲಕ್ಕೆ ಒಂದೇ ಗಿಡ ಅಂದುಕೊಂಡಿರುವುದೂ ಒಳ್ಳೆಯದೇ. ಖರ್ಚು ಮಾಡುವುದಿದ್ದರೆ ದೀಪಕ್ಕೆ ಮಾಡಿ, ಕುಂಡ–ಗೊಬ್ಬರಕ್ಕಲ್ಲ. ನಮ್ಮ ಕಣ್ಣಿಗೆ ಬೆಳಕಾಗಿ ಕಾಣುವ ಕೋಣೆ ಗಿಡದ ಪಾಲಿಗೆ ಕತ್ತಲೆ. ಬಯಲಿನ ನಡುಮಧ್ಯಾಹ್ನದ ಬೆಳಕು ಸುಮಾರು ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಇದ್ದರೆ, ಕಿಟಕಿಯಿಂದ ನಾಲ್ಕಡಿ ಒಳಗೆ ಸಾವಿರ ಲಕ್ಸ್ ಸಿಕ್ಕರೆ ಹೆಚ್ಚು. ಮೆಣಸಿನ ಸಸಿಗೆ ಎಂಟು–ಹತ್ತು ಸಾವಿರ, ಕಾಯಿ ಬಿಡುವ ಗಿಡಕ್ಕೆ ಇಪ್ಪತ್ತು ಸಾವಿರ ಲಕ್ಸ್ ಬೇಕು. ಫೋನಿನ ಲಕ್ಸ್ ಆ್ಯಪ್ ಕರಾರುವಾಕ್ಕಲ್ಲದಿದ್ದರೂ ಈ ಅಂದಾಜಿಗೆ ಸಾಕು.

ಒಂದೂವರೆ ಅಡಿ ಚೌಕಕ್ಕೆ 50 ವ್ಯಾಟ್, ಎರಡಡಿ ಚೌಕಕ್ಕೆ 100 ವ್ಯಾಟ್ ಎಲ್‌ಇಡಿ ಎಂದು ಲೆಕ್ಕ ಇಟ್ಟುಕೊಳ್ಳಿ. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ‘1000 ವ್ಯಾಟ್’ ಎಂದಿದ್ದರೆ ನಂಬಬೇಡಿ. ದೀಪ ನಿಜವಾಗಿ ಎಳೆಯುವ ವಿದ್ಯುತ್ತು ಎಷ್ಟೆಂದು ಸಣ್ಣಕ್ಷರದಲ್ಲಿರುತ್ತದೆ, ಅದನ್ನೇ ಓದಿ. ಬೆಳಕು ಬಿಳಿಯೇ ಇರಲಿ, 4000ರಿಂದ 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ, ಡಬ್ಬದ ಮೇಲಿರುತ್ತದೆ). ನೇರಳೆ ದೀಪದಲ್ಲೂ ಗಿಡ ಬೆಳೆಯುತ್ತದೆ, ಆದರೆ ಎಲೆ ಹಳದಿಯಾಗಿದೆಯೋ ಹಸಿರಾಗಿದೆಯೋ ಕಾಣುವುದಿಲ್ಲ. ಹೊಸಬರಿಗೆ ಅದು ದೊಡ್ಡ ನಷ್ಟ. ದೀಪವನ್ನು ಗಿಡದ ತುದಿಯಿಂದ 30 ಸೆಂಟಿಮೀಟರ್ ಮೇಲೆ ಸರಪಳಿಯಲ್ಲಿ ತೂಗುಹಾಕಿ, ಗಿಡ ಬೆಳೆದಂತೆ ಏರಿಸುತ್ತ ಹೋಗಿ. ದಿನಕ್ಕೆ 15 ಗಂಟೆ, ಟೈಮರ್ ಹಾಕಿಯೇ ಉರಿಸಿ. 50 ವ್ಯಾಟಿಗೆ ತಿಂಗಳಿಗೆ ಇಪ್ಪತ್ತಮೂರು ಯೂನಿಟ್ ಹತ್ತಿರ ಬರುತ್ತದೆ.

ಬ್ಯಾಡಗಿಯ ಆಸೆ ಎಲ್ಲರಿಗೂ ಇರುತ್ತದೆ, ಆದರೆ ಆ ಗಿಡ ಎತ್ತರಕ್ಕೆ ಹೋಗುತ್ತದೆ. ಮೊದಲ ಸಲ ಗಿಡ್ಡಗೆ ಪೊದೆಯಾಗುವ ಪೂಸಾ ಜ್ವಾಲಾದಂಥ ತಳಿ ಸುಲಭ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳನ್ನೂ ನೋಡಬಹುದು. ಅಡುಗೆಮನೆ ಡಬ್ಬಿಯ ಒಣಮೆಣಸಿನ ಬೀಜವೇ ಬೇಕೆಂದಾದರೆ ಮೊದಲು ಹತ್ತು ಬೀಜಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. ಎರಡು ವಾರದಲ್ಲಿ ಐದಾದರೂ ಮೊಳೆಯದಿದ್ದರೆ ಹೊಸ ಪೊಟ್ಟಣ ತನ್ನಿ.

ಬೀಜವನ್ನು ರಾತ್ರಿ ನೆನೆಸಿ, ಸಣ್ಣ ಲೋಟದಲ್ಲಿ ಬರಿ ಕೊಕೊಪೀಟಿನಲ್ಲಿ (ತೆಂಗಿನ ನಾರಿನ ಪುಡಿ) ಅರ್ಧ ಸೆಂಟಿಮೀಟರ್ ಆಳಕ್ಕೆ ಬಿತ್ತಿ. ಲೋಟದ ತಳದಲ್ಲಿ ತೂತು ಇರಲೇಬೇಕು. 25–30 ಡಿಗ್ರಿಯಲ್ಲಿ ಏಳರಿಂದ ಹದಿನಾಲ್ಕು ದಿನಕ್ಕೆ ಮೊಳಕೆ. ಮೊಳಕೆ ಕಂಡ ದಿನವೇ ದೀಪದಡಿ ಇಡಿ. ಬೀಜದೆಲೆಗಳ ನಂತರ ಮೊದಲ ನಿಜವಾದ ಎಲೆ ಜೋಡಿ ಬಂದ ಮೇಲೆ ಎಲೆಗೆ ಸಿಂಪಡಿಸುವ ಗೊಬ್ಬರ ಶುರುಮಾಡಿ: ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಅನ್ನು ಲೀಟರಿಗೆ ಅರ್ಧ ಗ್ರಾಂ, ವಾರಕ್ಕೊಮ್ಮೆ. ಐದಾರು ವಾರಕ್ಕೆ 12 ಲೀಟರಿನ ಗ್ರೋ ಬ್ಯಾಗಿಗೆ ಬದಲಾಯಿಸಿ. ಮಿಶ್ರಣಕ್ಕೆ ತೊಳೆದ ಕೊಕೊಪೀಟ್ ಐದು ಪಾಲು, ಎರೆಗೊಬ್ಬರ ಮೂರು, ಪರ್ಲೈಟ್ (ನೀರು ಬಸಿಯಲು ಬೆರೆಸುವ ಹಗುರ ಬಿಳಿ ಹರಳು) ಅಥವಾ ತೊಳೆದ ಮರಳು ಎರಡು. ಕೊಕೊಪೀಟಿನಲ್ಲಿ ಉಪ್ಪಿರುತ್ತದೆ, ಅದಕ್ಕೇ ಎರಡು ಮೂರು ನೀರಿನಲ್ಲಿ ತೊಳೆದು ಹಿಂಡಬೇಕು. ಬೇವಿನ ಹಿಂಡಿ ಹಾಕುವುದಿದ್ದರೆ ಒಂದು ಹಿಡಿ ಬೆರೆಸಿ ಮಿಶ್ರಣವನ್ನು ಎರಡು ವಾರ ಬಾಲ್ಕನಿಯಲ್ಲಿ ಬಿಡಿ. ಮನೆಯೊಳಗೆ ನೇರವಾಗಿ ಹಾಕಿದರೆ ಬೂಷ್ಟು, ವಾಸನೆ ಎರಡೂ ಬರುತ್ತವೆ. ಗಿಡ ಗೇಣುದ್ದವಾದಾಗ ತುದಿ ಚಿವುಟಿ. ಪಕ್ಕದ ಟೊಂಗೆ ಒಡೆದು ಗಿಡ ಅಗಲವಾಗುತ್ತದೆ, ಇರುವ ಬೆಳಕು ಎಲ್ಲ ಎಲೆಗೂ ಸಿಗುತ್ತದೆ.

ಸಸಿಗಳು ಉದ್ದಕ್ಕೆ ಬೆಳೆದು ಒಂದೇ ರಾತ್ರಿಯಲ್ಲಿ ಮಗುಚಿ ಬಿದ್ದವು. ಬುಡ ದಾರದಷ್ಟು ತೆಳ್ಳಗಾಗಿತ್ತು. ಮಣ್ಣಿನ ಮೇಲೆ ಸಣ್ಣ ಕಪ್ಪು ನೊಣಗಳೂ ಇವೆ.
— ಓದುಗರು, ಶಿವಮೊಗ್ಗ

ಎರಡು ತೊಂದರೆ ಒಟ್ಟಿಗೆ ಬಂದಿವೆ. ಉದ್ದವಾಗಿದ್ದು ಬೆಳಕು ಸಾಲದೆ, ಬಿದ್ದದ್ದು ಬುಡ ಕೊಳೆ ರೋಗದಿಂದ. ಸದಾ ಒದ್ದೆಯಾಗಿರುವ ಮಣ್ಣು, ಆಡದ ಗಾಳಿ ಈ ಶಿಲೀಂಧ್ರಕ್ಕೆ ಬೇಕಾದದ್ದು. ಬಿದ್ದ ಸಸಿ ಉಳಿಯುವುದಿಲ್ಲ, ಮಣ್ಣಿನ ಸಮೇತ ತೆಗೆದುಹಾಕಿ. ಲೋಟವನ್ನು ಸೋಪಿನಲ್ಲಿ ತೊಳೆದು ಹೊಸ ಕೊಕೊಪೀಟಿನಲ್ಲಿ ಬಿತ್ತಿ, ದೀಪ ಹತ್ತಿರ ತನ್ನಿ, ಎಲೆ ಸ್ವಲ್ಪವೇ ಅಲ್ಲಾಡುವಷ್ಟು ಸಣ್ಣ ಫ್ಯಾನ್ ಇಡಿ. ಆ ನೊಣದ ಮರಿಗಳು ಒದ್ದೆ ಮೇಲ್ಪದರದಲ್ಲಿದ್ದು ಎಳೆ ಬೇರು ತಿನ್ನುತ್ತವೆ. ಮೇಲಿನ ಒಂದಂಗುಲ ಒಣಗಲು ಬಿಟ್ಟು, ಹಳದಿ ಅಂಟು ಹಾಳೆ ಸಿಕ್ಕಿಸಿದರೆ ಮೂರ್ನಾಲ್ಕು ವಾರದಲ್ಲಿ ಹತೋಟಿಗೆ ಬರುತ್ತವೆ.

ನೀರು ಹಾಕಲು ದಿನ ಲೆಕ್ಕ ಬೇಡ, ಕುಂಡ ಎತ್ತಿ ನೋಡಿ. ತುಂಬ ನೀರು ಕುಡಿದಾಗಿನ ಭಾರ ಒಮ್ಮೆ ಕೈಗೆ ಗೊತ್ತಾದರೆ ಸಾಕು. ಹಗುರಾದಾಗ, ಕೆಳಗಿಂದ ಸೋರುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರು ಚೆಲ್ಲಿ.

ಎಲೆಗಳು ಮುದುಡುತ್ತಿವೆ. ಮನೆಯೊಳಗೇ ಇರುವ ಗಿಡಕ್ಕೆ ರೋಗ ಎಲ್ಲಿಂದ ಬಂತು?
— ಓದುಗರು, ಹಾವೇರಿ

ಕಿಟಕಿಯಿಂದ, ಬಟ್ಟೆಯಿಂದ, ಹೆಚ್ಚಾಗಿ ನರ್ಸರಿಯಿಂದ ತಂದ ಇನ್ನೊಂದು ಗಿಡದಿಂದ. ಔಷಧಿ ಹುಡುಕುವ ಮೊದಲು ಎಲೆ ಯಾವ ಕಡೆಗೆ ಮುದುಡಿದೆ ನೋಡಿ. ಅಂಚು ಮೇಲಕ್ಕೆ ಮಡಚಿ ದೋಣಿಯಂತಾಗಿದ್ದರೆ ಥ್ರಿಪ್ಸ್ ನುಸಿ. ಎಲೆಯನ್ನು ಬಿಳಿ ಹಾಳೆಯ ಮೇಲೆ ತಟ್ಟಿದರೆ ಗೆರೆಯಂಥ ಕೀಟ ಓಡಾಡುವುದು ಕಾಣುತ್ತದೆ. ಅಂಚು ಕೆಳಕ್ಕೆ ಬಾಗಿ, ಎಲೆ ಕಿರಿದಾಗಿ, ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಇದು ಬರಿಗಣ್ಣಿಗೆ ಕಾಣುವುದಿಲ್ಲ, ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಬೇಕು. ಹೊಸ ಎಲೆಗಳೆಲ್ಲ ಚಿಕ್ಕದಾಗಿ, ನರಗಳ ಬಳಿ ಹಳದಿಯಾಗಿ, ಗಿಡ ಕುಗ್ಗಿದ್ದರೆ ಬಿಳಿ ನೊಣ ತಂದ ನಂಜು ರೋಗ. ಅದಕ್ಕೆ ಮದ್ದಿಲ್ಲ, ಗಿಡ ಕಿತ್ತುಹಾಕಿ.

ಥ್ರಿಪ್ಸ್‌ಗೆ ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, 2 ಮಿಲಿ ದ್ರವ ಸೋಪು ಬೆರೆಸಿ ಐದು ದಿನಕ್ಕೊಮ್ಮೆ ನಾಲ್ಕು ಸಲ ಸಿಂಪಡಿಸಿ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 2 ಗ್ರಾಂ. ಇವೆರಡನ್ನೂ ಬೆರೆಸಬೇಡಿ, ಒಂದರ ಹಿಂದೆ ಇನ್ನೊಂದಕ್ಕೆ ಎರಡು ವಾರದ ಅಂತರ ಕೊಡಿ, ಇಲ್ಲವಾದರೆ ಎಲೆ ಸುಡುತ್ತದೆ. ದೀಪ ಆರಿದ ಮೇಲೆ, ಗಿಡವನ್ನು ಬಾಲ್ಕನಿಗೆ ಒಯ್ದು, ಎಲೆಯ ಕೆಳಮೈಗೆ ತಾಗುವಂತೆ ಸಿಂಪಡಿಸಿ. ಮುದುಡಿದ ಹಳೆ ಎಲೆ ಬಿಚ್ಚಿಕೊಳ್ಳುವುದಿಲ್ಲ, ಹೊಸ ಚಿಗುರು ನೇರವಾಗಿ ಬಂದರೆ ಗೆದ್ದಂತೆ.

ಹೂ ತುಂಬ ಬಿಡುತ್ತದೆ, ಎಲ್ಲವೂ ಉದುರುತ್ತವೆ.
— ಓದುಗರು, ಬಳ್ಳಾರಿ

ನಿಮ್ಮ ಊರಿನಲ್ಲಿ ಮೊದಲ ಅನುಮಾನ ಸೆಕೆಯ ಮೇಲೆ. ಹಗಲು 34 ಡಿಗ್ರಿ ದಾಟಿ, ರಾತ್ರಿಯೂ 25ರ ಕೆಳಗಿಳಿಯದಿದ್ದರೆ ಕಾಯಿ ಕಚ್ಚುವುದು ಕಷ್ಟ. ದೀಪವನ್ನು ಸಂಜೆ ಆರರಿಂದ ಬೆಳಗ್ಗೆ ಒಂಬತ್ತರವರೆಗೆ ಉರಿಸಿ. ಮಧ್ಯಾಹ್ನದ ಸೆಕೆಗೆ ದೀಪದ ಬಿಸಿ ಸೇರುವುದಿಲ್ಲ. ಎರಡನೆಯದು ಗಾಳಿ. ಮೆಣಸಿನ ಹೂ ತನ್ನ ಪರಾಗದಿಂದಲೇ ಕಾಯಿಗಟ್ಟುತ್ತದೆ, ಆದರೆ ಅಲುಗಾಡಬೇಕು. ದೀಪ ಹೊತ್ತಿದ ಎರಡು ಮೂರು ಗಂಟೆಯ ನಂತರ ಟೊಂಗೆಗಳನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಮೂರನೆಯದು ಅತಿಯಾದ ಸಾರಜನಕ. ಎಲೆ ಕಡುಹಸಿರಾಗಿ ಸೊಕ್ಕಿದ್ದರೆ 19:19:19 ನಿಲ್ಲಿಸಿ, ಸಾರಜನಕ ಕಡಿಮೆ, ಪೊಟ್ಯಾಷ್ ಹೆಚ್ಚಿರುವ 13:0:45 ಅನ್ನು ಲೀಟರಿಗೆ ಒಂದು ಗ್ರಾಂನಂತೆ ಹತ್ತು ದಿನಕ್ಕೊಮ್ಮೆ ಬುಡಕ್ಕೆ ಕೊಡಿ.

ಬೋರ್‌ವೆಲ್ ನೀರು ಹಾಕುತ್ತೇವೆ. ಮಣ್ಣಿನ ಮೇಲೆ ಬಿಳಿ ಪದರ, ಹೊಸ ಎಲೆ ಹಳದಿ. ಆರ್‌ಒ ಯಂತ್ರ ಹೊರಹಾಕುವ ತ್ಯಾಜ್ಯ ನೀರು ಹಾಕಬಹುದೇ?
— ಓದುಗರು, ಕೋಲಾರ

ಬೇಡವೇ ಬೇಡ, ಅದರಲ್ಲಿ ಬೋರ್‌ವೆಲ್ಲಿಗಿಂತ ಹೆಚ್ಚು ಉಪ್ಪಿರುತ್ತದೆ. ಹೊಸ ಎಲೆಯ ನರ ಹಸಿರಾಗಿ ನಡುವೆ ಹಳದಿಯಿದ್ದರೆ ಕಬ್ಬಿಣ ಸಿಗುತ್ತಿಲ್ಲ. ಗಡಸು ನೀರಿನಿಂದ ಮಣ್ಣು ಕ್ಷಾರವಾಗಿ ಕಬ್ಬಿಣ ಬೇರಿಗೆ ದಕ್ಕದೆ ಹೋಗುತ್ತದೆ. ಬಿಳಿ ಪದರ ಕೆರೆದು ತೆಗೆದು, ಮಳೆನೀರು ಅಥವಾ ಕುಡಿಯುವ ನೀರನ್ನು ಕುಂಡದ ಎರಡರಷ್ಟು ನಿಧಾನವಾಗಿ ಹರಿಸಿ ಉಪ್ಪು ಇಳಿಸಿ. ಆಮೇಲೆ ಸೂಕ್ಷ್ಮ ಪೋಷಕಾಂಶದ ಮಿಶ್ರಣವನ್ನು ಪೊಟ್ಟಣದಲ್ಲಿ ಹೇಳಿದ್ದರ ಅರ್ಧ ಪ್ರಮಾಣದಲ್ಲಿ ಎಲೆಗೆ ಕೊಡಿ.

ಟೊರಾಂಟೊದಲ್ಲಿದ್ದೇವೆ. ಜನವರಿಯಲ್ಲಿ ಕಿಟಕಿ ಕಟ್ಟೆಯ ಮೇಲೆ ಬಿತ್ತಿದ ಬೀಜ ತಿಂಗಳಾದರೂ ಮೊಳೆತಿಲ್ಲ.
— ಓದುಗರು, ಕೆನಡಾ

ಕೋಣೆ ಬೆಚ್ಚಗಿದ್ದರೂ ರಾತ್ರಿ ಗಾಜಿನ ಪಕ್ಕ ತಣ್ಣಗಿರುತ್ತದೆ. ಲೋಟದ ಮಣ್ಣಿಗೇ ಥರ್ಮಾಮೀಟರ್ ಚುಚ್ಚಿ ನೋಡಿ. ಕಿಟಕಿಯಿಂದ ದೂರ, ಬಿಸಿ ಮ್ಯಾಟಿನ ಮೇಲೆ 27 ಡಿಗ್ರಿಗೆ ಇಟ್ಟು ಹೊಸದಾಗಿ ಬಿತ್ತಿ. ಹೀಟರಿನ ಒಣ ಗಾಳಿಗೆ ಜೇಡ ನುಸಿ ಬೇಗ ಬರುತ್ತದೆ, ವಾರಕ್ಕೊಮ್ಮೆ ಎಲೆಯ ಕೆಳಮೈ ನೋಡಿ, ಒದ್ದೆ ಬಟ್ಟೆಯಿಂದ ಒರೆಸಿ. ಫೆಬ್ರವರಿ ಕೊನೆಗೆ ಬಿತ್ತಿದರೂ ತಡವಾಗಿಲ್ಲ. ರಾತ್ರಿಯ ಚಳಿ 13 ಡಿಗ್ರಿಗಿಂತ ಕೆಳಗೆ ಹೋಗದ ಜೂನ್ ಹೊತ್ತಿಗೆ ಗಿಡ ಹೊರಗಿಡಬಹುದು: ಮೊದಲ ದಿನ ನೆರಳಿನಲ್ಲಿ ಒಂದು ಗಂಟೆ, ಹತ್ತು ದಿನದಲ್ಲಿ ಇಡೀ ದಿನದ ಬಿಸಿಲಿಗೆ.