ಅಗ್ರಿಮೆಂಟು ಗಂಡನ ಹೆಸರಲ್ಲಿದ್ದರೆ ಬ್ರಿಟನ್‌ನಲ್ಲಿ ನನಗೆ ಬಾಡಿಗೆಯ ನೆರವು ಸಿಗುತ್ತದೆಯೇ?

ನಿಮ್ಮ ಪ್ರಶ್ನೆ ಓದಿದೆ. ಗಂಡ ಎರಡು ತಿಂಗಳ ಹಿಂದೆ ಮನೆ ಬಿಟ್ಟು ಹೋಗಿದ್ದಾರೆ. ಬಾಡಿಗೆ ಕಟ್ಟುವುದನ್ನೂ ನಿಲ್ಲಿಸಿದ್ದಾರೆ. ಅಗ್ರಿಮೆಂಟಿನಲ್ಲಿ ಇರುವುದು ಅವರೊಬ್ಬರ ಹೆಸರು. ನಿಮಗೆ ಐಎಲ್‌ಆರ್ (ಬ್ರಿಟನ್‌ನಲ್ಲಿ ಕಾಲಮಿತಿ ಇಲ್ಲದೆ ಇರುವ ಅನುಮತಿ) ಇದೆ, ಶಾಲೆಯ ಅಡುಗೆಮನೆಯಲ್ಲಿ ಅರ್ಧ ದಿನದ ಕೆಲಸ ಇದೆ, 9 ವರ್ಷದ ಮಗಳು ಮತ್ತು 6 ವರ್ಷದ ಮಗ ಇದ್ದಾರೆ. ‘ನನ್ನ ಹೆಸರೇ ಇಲ್ಲದ ಮನೆಗೆ ಹೌಸಿಂಗ್ ಬೆನಿಫಿಟ್ ಕೇಳಬಹುದಾ? ಕೇಳಿದರೆ ಮೋಸ ಅಂತ ಆಗುತ್ತಾ?’ ಅಂತ ಕೇಳಿದ್ದೀರಿ.

ಕೇಳಬಹುದು. ಅದು ಮೋಸ ಅಲ್ಲ. ಇವತ್ತೇ ಕೇಳಿ.

ಇಷ್ಟು ಗಟ್ಟಿಯಾಗಿ ಹೇಳಲು ಕಾರಣ, 2019ರ ಚಳಿಗಾಲದಲ್ಲಿ ಲೆಸ್ಟರ್‌ನಲ್ಲಿ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ನಮ್ಮ ಮನೆಯದ್ದೂ ನಿಮ್ಮ ಮನೆಯ ಕತೆಯೇ. ಅವರು ಕೆಲಸಕ್ಕೆ ಅಂತ ಮೊದಲು ಬಂದರು, ಬಾಡಿಗೆ ಮನೆ ಹಿಡಿದರು, ಸಂಬಳದ ಚೀಟಿ ಅವರದ್ದೇ ಆದ್ದರಿಂದ ಹೆಸರೂ ಅವರದ್ದೇ ಬಿತ್ತು. ನಾನು ಮಕ್ಕಳನ್ನು ಕರೆದುಕೊಂಡು ನಾಲ್ಕು ತಿಂಗಳ ನಂತರ ಬಂದೆ. ಹೆಸರು ಸೇರಿಸಬೇಕು ಅಂತ ಯಾರಿಗೂ ತೋಚಲಿಲ್ಲ. ಅವರು ಹೋದ ಮೇಲೆ ಮೂರು ವಾರ ನಾನು ಯಾರಿಗೂ ಹೇಳಲಿಲ್ಲ. ಅಮ್ಮ ಫೋನ್ ಮಾಡಿದರೆ ‘ಅವರು ಡ್ಯೂಟಿಗೆ ಹೋಗಿದ್ದಾರೆ’ ಅನ್ನುತ್ತಿದ್ದೆ. ಬಾಡಿಗೆ ಏಜೆನ್ಸಿಯ ಒಬ್ಬರು ‘ನಿಮ್ಮ ಹೆಸರಿಲ್ಲ, ನಿಮ್ಮ ದುಡ್ಡು ತಗೊಳ್ಳಲ್ಲ, ನಿಮಗೆ ಬೆನಿಫಿಟ್ಟೂ ಬರಲ್ಲ’ ಅಂದಾಗ ಅದನ್ನೇ ನಂಬಿ ಇನ್ನೂ ಎರಡು ವಾರ ಸುಮ್ನೆ ಕೂತೆ. ಅವರು ಹೇಳಿದ ಎರಡು ಮಾತೂ ತಪ್ಪು. ಆದರೆ ಆ ಐದು ವಾರದ ದುಡ್ಡು ನನಗೆ ಕೊನೆಗೂ ಸಿಗಲಿಲ್ಲ. ಹಿಂದಿನ ದಿನಗಳಿಗೆ ಸೇರಿಸಿ ಕೊಡುವುದು ಕೆಲವೇ ಕಾರಣಗಳಿಗೆ ಮಾತ್ರ, ಅದೂ ಹೆಚ್ಚೆಂದರೆ 1 ತಿಂಗಳಿಗೆ. ‘ನನಗೆ ಗೊತ್ತಿರಲಿಲ್ಲ’ ಅನ್ನುವುದು ಆ ಕಾರಣಗಳಲ್ಲಿ ಸೇರುವುದಿಲ್ಲ. ನಿಮಗೆ ಈಗಾಗಲೇ ಎರಡು ತಿಂಗಳು ಹೋಗಿದೆ. ಅದಕ್ಕೇ ಅವಸರ ಮಾಡುತ್ತಿದ್ದೇನೆ.

ಮೊದಲು ಒಂದು ಹೆಸರಿನ ವಿಷಯ. ದುಡಿಯುವ ವಯಸ್ಸಿನವರಿಗೆ ಈಗ ಹೊಸದಾಗಿ ಹೌಸಿಂಗ್ ಬೆನಿಫಿಟ್ ಕೊಡುವುದಿಲ್ಲ. ಕೌನ್ಸಿಲ್ (ಸ್ಥಳೀಯ ಆಡಳಿತ) ವ್ಯವಸ್ಥೆ ಮಾಡಿದ ತಾತ್ಕಾಲಿಕ ಮನೆ, ಆರೈಕೆ ಸಿಗುವ ಮನೆ ಇಂಥ ಕೆಲವು ಕಡೆ ಬಿಟ್ಟರೆ ಅದು ಪಿಂಚಣಿ ವಯಸ್ಸಿನವರಿಗೆ ಮಾತ್ರ. ನೀವು ಕೇಳಬೇಕಾದ್ದು ಯುನಿವರ್ಸಲ್ ಕ್ರೆಡಿಟ್, ಅಂದರೆ ಆದಾಯ ಕಡಿಮೆ ಇರುವವರಿಗೆ ಸರ್ಕಾರ ತಿಂಗಳು ತಿಂಗಳು ಕೊಡುವ ನೆರವು. ಬಾಡಿಗೆಯ ಪಾಲು ಅದರೊಳಗೇ ಬರುತ್ತದೆ, ಅದಕ್ಕೆ ಹೌಸಿಂಗ್ ಎಲಿಮೆಂಟ್ ಅನ್ನುತ್ತಾರೆ. ಅರ್ಜಿ ಕೌನ್ಸಿಲ್‌ಗೆ ಅಲ್ಲ, ಆನ್‌ಲೈನ್‌ನಲ್ಲಿ ಕೇಂದ್ರ ಸರ್ಕಾರಕ್ಕೆ.

ಈಗ ಮುಖ್ಯ ವಿಷಯ. ಯುನಿವರ್ಸಲ್ ಕ್ರೆಡಿಟ್‌ನ 2013ರ ನಿಯಮಗಳಲ್ಲಿ 2ನೇ ಷೆಡ್ಯೂಲು (ಅನುಬಂಧ) ಅಂತ ಇದೆ. ಅದರ 2ನೇ ಪ್ಯಾರಾ ನಿಮ್ಮಂಥವರಿಗಾಗಿಯೇ ಬರೆದ ಹಾಗಿದೆ. ಅಗ್ರಿಮೆಂಟಿನಲ್ಲಿ ಹೆಸರಿಲ್ಲದಿದ್ದರೂ ನಿಮ್ಮನ್ನು ಬಾಡಿಗೆ ಕಟ್ಟಬೇಕಾದವರು ಅಂತಲೇ ಎಣಿಸಬೇಕು, ನಾಲ್ಕು ಮಾತು ನಿಜವಾದರೆ. ಕಟ್ಟಬೇಕಾದ ವ್ಯಕ್ತಿ ಕಟ್ಟುತ್ತಿಲ್ಲ. ಆ ಮನೆಯಲ್ಲಿ ಇರಬೇಕೆಂದರೆ ನೀವೇ ಕಟ್ಟಬೇಕು. ನಿಮ್ಮ ಪರಿಸ್ಥಿತಿಯಲ್ಲಿ ಬೇರೆ ಮನೆ ಹುಡುಕಿಕೊಳ್ಳಿ ಅನ್ನುವುದು ನ್ಯಾಯವಲ್ಲ. ಒಟ್ಟಾರೆ ನೋಡಿದರೂ ನಿಮ್ಮನ್ನು ಬಾಡಿಗೆದಾರರಂತೆ ಕಾಣುವುದು ಸರಿಯಾಗಿಯೇ ಇದೆ. ಈ ನಾಲ್ಕೂ ಸೇರಬೇಕು. ಕಚೇರಿಯವರು ಇಂಥ ಪ್ರಕರಣವನ್ನು ‘ಅನ್‌ಟೈಡಿ ಟೆನೆನ್ಸಿ’ ಅನ್ನುತ್ತಾರೆ. ಅಂದರೆ ಗೊಂದಲದಲ್ಲಿರುವ ಬಾಡಿಗೆ ಕರಾರು. ಈ ಎರಡು ಪದ ನೆನಪಿಟ್ಟುಕೊಳ್ಳಿ. ಫೋನಿನಲ್ಲಿ ಅರ್ಧ ಗಂಟೆ ವಿವರಿಸಿದರೂ ಅರ್ಥವಾಗದ್ದು ಈ ಎರಡು ಪದಕ್ಕೆ ಅರ್ಥವಾಗುತ್ತದೆ.

ಅರ್ಜಿ ತುಂಬುವಾಗ ಅಗ್ರಿಮೆಂಟಿನಲ್ಲಿ ನಿಮ್ಮ ಹೆಸರಿದೆ ಅಂತ ಯಾವ ಕಾರಣಕ್ಕೂ ಹಾಕಬೇಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅರ್ಜಿ ಮುಗಿದ ಮೇಲೆ ಜರ್ನಲ್ ಅಂತ ಒಂದು ಜಾಗ ತೆರೆದುಕೊಳ್ಳುತ್ತದೆ. ಅಲ್ಲಿ ನಾನು ಬರೆದ ಸಂದೇಶದ ತಿರುಳು ಇಷ್ಟು, ನೀವು ಇಂಗ್ಲಿಷ್‌ನಲ್ಲಿ ಬರೆಯಿರಿ: ‘ಬಾಡಿಗೆ ಕರಾರು ನನ್ನ ಗಂಡನ ಹೆಸರಿನಲ್ಲಿದೆ. ಅವರು ಇಂಥ ದಿನ ಮನೆ ಬಿಟ್ಟರು, ನಾವು ಬೇರೆಯಾಗಿದ್ದೇವೆ. ಇಂಥ ತಿಂಗಳಿಂದ ಬಾಡಿಗೆ ಕಟ್ಟಿಲ್ಲ. ನಾನು ಕಟ್ಟದಿದ್ದರೆ ನಾನೂ ಇಬ್ಬರು ಮಕ್ಕಳೂ ಮನೆ ಕಳೆದುಕೊಳ್ಳುತ್ತೇವೆ. ಮಕ್ಕಳ ಶಾಲೆ, ನನ್ನ ಕೆಲಸ ಎರಡೂ ಇಲ್ಲೇ ಇವೆ. ಹೊಸ ಮನೆಗೆ ಡಿಪಾಸಿಟ್ ಕೊಡುವ ಶಕ್ತಿ ಇಲ್ಲ. 2ನೇ ಷೆಡ್ಯೂಲಿನ 2ನೇ ಪ್ಯಾರಾದ ಪ್ರಕಾರ ನನ್ನನ್ನು ಬಾಡಿಗೆಗೆ ಹೊಣೆಯಾದವಳು ಎಂದು ಪರಿಗಣಿಸಿ.’ ಇಂಗ್ಲಿಷ್‌ನಲ್ಲಿ ಮಾತಾಡುವುದು ಕಷ್ಟ ಅನ್ನಿಸಿದರೆ ದುಭಾಷಿ ಬೇಕು ಅಂತ ಕೇಳಿ, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.

ದಾಖಲೆಯಾಗಿ ಆ ಹಳೇ ಅಗ್ರಿಮೆಂಟನ್ನೇ ಕೊಡಿ. ಅದರ ಒಳಪುಟಗಳನ್ನು ಒಮ್ಮೆ ನೋಡಿ, ನಿಮ್ಮ ಹೆಸರು ‘ಪರ್ಮಿಟೆಡ್ ಆಕ್ಯುಪೈಯರ್’ (ಮನೆಯಲ್ಲಿ ಇರಲು ಒಪ್ಪಿಗೆ ಇರುವವರು) ಅಂತ ಎಲ್ಲಾದರೂ ಇರಬಹುದು. ಅದು ಬಾಡಿಗೆದಾರರ ಹಕ್ಕು ಕೊಡುವುದಿಲ್ಲ, ಆದರೆ ನೀವು ಅಲ್ಲೇ ವಾಸ ಇದ್ದೀರಿ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ. ಜೊತೆಗೆ ಬಾಡಿಗೆ ಬಾಕಿಯ ಲೆಕ್ಕ, ಶಾಲೆಯಿಂದ ಬಂದ ಒಂದು ಪತ್ರ, ಗಂಡ ‘ಇನ್ನು ಕಟ್ಟಲ್ಲ’ ಅಂತ ಕಳಿಸಿದ ಮೆಸೇಜ್ ಇದ್ದರೆ ಅದರ ಫೋಟೋ ಕೊಡಿ. ಆ ಮೆಸೇಜುಗಳನ್ನು ನೋವಾಗುತ್ತದೆ ಅಂತ ಅಳಿಸಿಬಿಡಬೇಡಿ. ನಾನು ಒಂದಷ್ಟು ಅಳಿಸಿದ್ದೆ, ಆಮೇಲೆ ಬೇಕಾದವು.

ಮನೆ ಓನರ್ ಅಥವಾ ಏಜೆನ್ಸಿ ನಿಮ್ಮ ದುಡ್ಡು ಮುಟ್ಟುವುದಿಲ್ಲ ಅಂದರೆ ಏನು ಮಾಡುವುದು? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1996ರ ಫ್ಯಾಮಿಲಿ ಲಾ ಆಕ್ಟ್ ಅಂತ ಕಾಯ್ದೆ ಇದೆ. ಅದರ 30ನೇ ಸೆಕ್ಷನ್ ಪ್ರಕಾರ ಗಂಡ ಹೆಂಡತಿ ಒಟ್ಟಿಗೆ ಬಾಳಿದ ಮನೆಯಲ್ಲಿ, ಕಾಗದದಲ್ಲಿ ಹೆಸರಿಲ್ಲದವರಿಗೂ ಇರುವ ಹಕ್ಕಿದೆ. ನೀವು ಕಟ್ಟಿದ ಬಾಡಿಗೆ ನಿಮ್ಮ ಗಂಡ ಕಟ್ಟಿದ್ದಕ್ಕೆ ಸಮ. ಉಚಿತ ಸಲಹೆ ಕೇಂದ್ರದ ಒಬ್ಬರು ನನಗಾಗಿ ಈ ಸೆಕ್ಷನ್ ಹಾಕಿ ನಾಲ್ಕು ಸಾಲಿನ ಪತ್ರ ಬರೆದುಕೊಟ್ಟರು. ಮರುದಿನವೇ ಏಜೆನ್ಸಿಯಿಂದ ಬ್ಯಾಂಕ್ ಖಾತೆಯ ವಿವರ ಬಂತು. ನೀವು ಸ್ಕಾಟ್ಲೆಂಡ್‌ನಲ್ಲಿದ್ದರೆ ಅಲ್ಲಿಯ ಕಾಯ್ದೆ ಬೇರೆ, ಆದರೆ ಅಲ್ಲೂ ಹೀಗೇ ರಕ್ಷಣೆ ಇದೆ.

ಈ ಹಕ್ಕಿಗೆ ಒಂದು ಗಡುವು ಇದೆ. ದಯವಿಟ್ಟು ಇದನ್ನು ಎರಡು ಸಲ ಓದಿ. ಮದುವೆ ಇರುವ ತನಕ ಮಾತ್ರ ಈ ಹಕ್ಕು ಇರುತ್ತದೆ. 2022ರ ಏಪ್ರಿಲ್‌ನಿಂದ ಇಂಗ್ಲೆಂಡ್, ವೇಲ್ಸ್‌ನಲ್ಲಿ ಕಾರಣ ಹೇಳದೆಯೂ ವಿಚ್ಛೇದನ ಪಡೆಯಬಹುದು. ಅರ್ಜಿ ಕೋರ್ಟಿನಲ್ಲಿ ದಾಖಲಾಗಿ 20 ವಾರ, ಆಮೇಲೆ ಇನ್ನೂ 6 ವಾರ ಆದ ನಂತರ ಫೈನಲ್ ಆರ್ಡರ್ (ವಿಚ್ಛೇದನದ ಅಂತಿಮ ಆದೇಶ) ಕೇಳಬಹುದು. ಅದು ಬಂದ ದಿನ ಈ ಹಕ್ಕು ಮುಗಿಯುತ್ತದೆ. ಆದ್ದರಿಂದ ಅದಕ್ಕೂ ಮುಂಚೆ ಟೆನೆನ್ಸಿ ನಿಮ್ಮ ಹೆಸರಿಗೆ ಆಗಬೇಕು. ಓನರ್ ಒಪ್ಪಿ ಹೊಸ ಅಗ್ರಿಮೆಂಟ್ ಮಾಡಿಕೊಟ್ಟರೆ ಅದೇ ಸುಲಭ. ಇಲ್ಲವಾದರೆ ಅದೇ ಕಾಯ್ದೆಯಡಿ ಕೋರ್ಟಿಗೆ ಹೋಗಿ ವರ್ಗಾಯಿಸಿಕೊಳ್ಳಬಹುದು. ಇನ್ನೊಂದು ಅಪಾಯವೂ ಇದೆ. ನಿಮ್ಮ ಗಂಡ ‘ಮನೆ ಖಾಲಿ ಮಾಡುತ್ತೇನೆ’ ಅಂತ ಓನರಿಗೆ ನೋಟಿಸ್ ಕೊಟ್ಟುಬಿಟ್ಟರೆ ಟೆನೆನ್ಸಿಯೇ ಮುಗಿದುಹೋಗಬಹುದು. ಮುಗಿದ ಟೆನೆನ್ಸಿಯನ್ನು ಯಾವ ಕೋರ್ಟೂ ವರ್ಗ ಮಾಡಲಾಗದು. ಅವರು ಹಾಗೆ ಮಾಡಬಹುದು ಅನ್ನುವ ಅನುಮಾನ ಇದ್ದರೆ ಈ ವಾರವೇ ವಕೀಲರನ್ನು ಅಥವಾ ಮನೆಯ ವಿಷಯಕ್ಕೆ ಉಚಿತ ಸಲಹೆ ಕೊಡುವ ಶೆಲ್ಟರ್ ಸಂಸ್ಥೆಯನ್ನು ಕೇಳಿ, ಕೋರ್ಟಿನಿಂದ ತಡೆ ತರಲು ಸಾಧ್ಯ. ನನಗೆ ಹೊಸ ಅಗ್ರಿಮೆಂಟ್ ಕೈಗೆ ಬರಲು ಐದು ತಿಂಗಳು ಹಿಡಿಯಿತು. ಅದು ಬರುವ ತನಕ ನಾನು ವಿಚ್ಛೇದನದ ಕಾಗದ ಮುಂದಕ್ಕೆ ತಳ್ಳಲಿಲ್ಲ.

ಎಷ್ಟು ಸಿಗುತ್ತದೆ? ಖಾಸಗಿ ಮನೆಗೆ ಪೂರ್ತಿ ಬಾಡಿಗೆ ಸಿಗುತ್ತದೆ ಅಂತ ಇಲ್ಲ. ಪ್ರತಿ ಪ್ರದೇಶಕ್ಕೂ ಲೋಕಲ್ ಹೌಸಿಂಗ್ ಅಲೋಯನ್ಸ್ ಅಂತ ಒಂದು ಮಿತಿ ಇದೆ, ಬೆಡ್‌ರೂಮಿನ ಲೆಕ್ಕದಲ್ಲಿ. 10 ವರ್ಷದೊಳಗಿನ ಇಬ್ಬರು ಮಕ್ಕಳು, ಒಬ್ಬಳು ಹುಡುಗಿ ಒಬ್ಬ ಹುಡುಗ ಆದರೂ, ಒಂದೇ ಕೋಣೆಯಲ್ಲಿ ಇರಬಹುದು ಅಂತ ಲೆಕ್ಕ. ಹಾಗಾಗಿ ನಿಮಗೆ ಈಗ 2 ಬೆಡ್‌ರೂಮಿನ ದರ. ಮಗಳಿಗೆ 10 ತುಂಬಿದರೆ 3 ಬೆಡ್‌ರೂಮಿನ ದರ. ನಿಮ್ಮ ಸಂಬಳದಲ್ಲಿ ಒಂದು ಮೊತ್ತವನ್ನು ಬಿಟ್ಟು, ಅದರ ಮೇಲಿನ ಪ್ರತಿ ಪೌಂಡಿಗೆ 55 ಪೆನ್ಸ್ ಕಡಿತ ಆಗುತ್ತದೆ. ಗಂಡ ಮಕ್ಕಳಿಗೆ ಅಂತ ಕೊಡುವ ಜೀವನಾಂಶವನ್ನು ಇದರಲ್ಲಿ ಕಳೆಯುವುದಿಲ್ಲ. ಮೊದಲ ದುಡ್ಡು ಬರಲು ಸುಮಾರು 5 ವಾರ ಬೇಕು. ನಡುವೆ ಮುಂಗಡ ಕೇಳಬಹುದು, ಆದರೆ ಅದು ಸಾಲ, ಆಮೇಲೆ ತಿಂಗಳು ತಿಂಗಳು ಹಿಡಿದುಕೊಳ್ಳುತ್ತಾರೆ. ಹಳೇ ಬಾಕಿ ಕರಾರಿನ ಪ್ರಕಾರ ನಿಮ್ಮ ಗಂಡನದ್ದು, ಯುನಿವರ್ಸಲ್ ಕ್ರೆಡಿಟ್ ಅದನ್ನು ತೀರಿಸುವುದಿಲ್ಲ. ಕೌನ್ಸಿಲ್ ಟ್ಯಾಕ್ಸ್ (ಮನೆಗೆ ಕಟ್ಟುವ ಸ್ಥಳೀಯ ತೆರಿಗೆ) ಕಡಿಮೆ ಮಾಡಿಸಲು ಮಾತ್ರ ಕೌನ್ಸಿಲ್‌ಗೆ ಬೇರೆ ಅರ್ಜಿ ಹಾಕಬೇಕು. ದೊಡ್ಡವರು ನೀವೊಬ್ಬರೇ ಇರುವುದರಿಂದ 25% ರಿಯಾಯಿತಿ ಅಂತೂ ಇದೆ.

ನಮ್ಮವರು ಎಡವುವ ಒಂದು ವಿಷಯ ಹೇಳಬೇಕು. ನಿಮ್ಮ ಹತ್ತಿರ 16,000 ಪೌಂಡಿಗಿಂತ ಜಾಸ್ತಿ ಉಳಿತಾಯ ಇದ್ದರೆ ಏನೂ ಸಿಗುವುದಿಲ್ಲ. 6,000ಕ್ಕಿಂತ ಕಡಿಮೆ ಇದ್ದರೆ ತೊಂದರೆ ಇಲ್ಲ. ನಡುವೆ ಇದ್ದರೆ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಕಡಿತ. ಊರಿನ ಎಫ್‌ಡಿ, ಊರಿನ ಸೈಟು ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಮೈಸೂರಿನಲ್ಲಿರುವ ಸೈಟು ಇಲ್ಲಿಯವರಿಗೆ ಹೇಗೆ ಗೊತ್ತಾಗುತ್ತದೆ ಅಂದುಕೊಂಡು ಬಿಟ್ಟುಬಿಡಬೇಡಿ, ಆಗ ಮಾತ್ರ ನಿಜಕ್ಕೂ ಮೋಸ ಆಗುತ್ತದೆ. ಆದರೆ ಅಪ್ಪ ತಮ್ಮ ದುಡ್ಡಿನ ಎಫ್‌ಡಿಗೆ ಅನುಕೂಲಕ್ಕೆ ಅಂತ ನಿಮ್ಮ ಹೆಸರನ್ನೂ ಸೇರಿಸಿರಬಹುದು, ನಮ್ಮ ಕಡೆ ಇದು ಎಲ್ಲರ ಮನೆಯಲ್ಲೂ ಇರುತ್ತದೆ. ಬೇರೆ ಸಾಕ್ಷಿ ಇಲ್ಲದಿದ್ದರೆ ಅದರಲ್ಲಿ ಅರ್ಧ ನಿಮ್ಮದು ಅಂತಲೇ ಹಿಡಿಯುತ್ತಾರೆ. ದುಡ್ಡು ಅಪ್ಪನದ್ದು ಅಂತ ತೋರಿಸುವ ಬ್ಯಾಂಕ್ ಪತ್ರ, ಅಪ್ಪನ ಸಹಿ ಇರುವ ಕಾಗದ ಮೊದಲೇ ತರಿಸಿಟ್ಟುಕೊಳ್ಳಿ. ನನ್ನ ಅಪ್ಪ ನಿವೃತ್ತಿಯಾದಾಗ ಬಂದ ದುಡ್ಡು ಹೀಗೇ ಇತ್ತು. ಅವರಿಗೆ ಕಾಗದ ಕೇಳುವ ನೆಪದಲ್ಲೇ ನಾನು ಮನೆಯವರಿಗೆ ನಿಜ ಹೇಳಿದ್ದು. ಅಪ್ಪ ಬೈಯಲಿಲ್ಲ, ಮರುದಿನ ಬ್ಯಾಂಕಿನ ಬಾಗಿಲು ತೆರೆಯುವ ಮುಂಚೆಯೇ ಹೋಗಿ ನಿಂತಿದ್ದರಂತೆ.

ವೀಸಾ ವಿಷಯ. ನಿಮಗೆ ಐಎಲ್‌ಆರ್ ಇರುವುದರಿಂದ ಭಯ ಬೇಡ. ಇದನ್ನು ಓದುತ್ತಿರುವ ಬೇರೆ ಯಾರಾದರೂ ಗಂಡನ ಕೆಲಸದ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಬಂದಿದ್ದರೆ, ವೀಸಾದಲ್ಲಿ ‘ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್’ (ಸರ್ಕಾರಿ ನೆರವು ಪಡೆಯುವಂತಿಲ್ಲ) ಅಂತ ಇರುತ್ತದೆ. ಅವರು ಅರ್ಜಿ ಹಾಕಬಾರದು, ವೀಸಾಕ್ಕೇ ಕುತ್ತು ಬರುತ್ತದೆ. ಆದರೆ ಮನೆಯಲ್ಲಿ ಹಿಂಸೆ ನಡೆದು ಸಂಬಂಧ ಮುರಿದಿದ್ದರೆ, 2024ರ ಫೆಬ್ರುವರಿಯಿಂದ ಕೆಲಸದ ವೀಸಾ, ಸ್ಟೂಡೆಂಟ್ ವೀಸಾದವರ ಡಿಪೆಂಡೆಂಟ್‌ಗಳಿಗೂ 3 ತಿಂಗಳ ಒಂದು ವಿಶೇಷ ಅನುಮತಿ ಕೇಳುವ ದಾರಿ ಇದೆ. ಆ 3 ತಿಂಗಳು ಬೆನಿಫಿಟ್ ಪಡೆಯಬಹುದು. ಮುಂದೆ ಏನು ಅನ್ನುವುದನ್ನು ಮೊದಲೇ ಇಮಿಗ್ರೇಷನ್ ಸಲಹೆಗಾರರ ಹತ್ತಿರ ಮಾತಾಡಿಕೊಂಡೇ ಅರ್ಜಿ ಹಾಕಿ. ಹಿಂಸೆ ಇದ್ದರೆ ಸಹಾಯವಾಣಿಗೆ ಫೋನ್ ಮಾಡಿ: 0808 2000 247, ಹಗಲು ರಾತ್ರಿ ಯಾವಾಗ ಬೇಕಾದರೂ, ಉಚಿತ. ಮತ್ತೆ ನಿಮ್ಮ ಈವೀಸಾ (ಆನ್‌ಲೈನ್‌ನಲ್ಲಿರುವ ವೀಸಾ ದಾಖಲೆ) ಖಾತೆ ಯಾರ ಇಮೇಲ್, ಯಾರ ಫೋನ್ ನಂಬರಿನಲ್ಲಿದೆ ಅಂತ ಈಗಲೇ ನೋಡಿ. ಗಂಡನದ್ದಾಗಿದ್ದರೆ ಬದಲಿಸಿಕೊಳ್ಳಿ. ಸ್ಟೇಟಸ್ ತೋರಿಸಲು ಅದು ಬೇಕೇ ಬೇಕು.

‘ಬೇರೆಯಾಗಿದ್ದೇವೆ’ ಅನ್ನುವುದು ನಿಜವಾಗಿರಬೇಕು, ಅಷ್ಟೇ. ಗಂಡ ಅಪ್ಪ ಅಮ್ಮನನ್ನು ನೋಡಲು ಮೂರು ತಿಂಗಳು ಬೆಂಗಳೂರಿಗೆ ಹೋಗಿದ್ದರೆ ಅದು ಬೇರೆಯಾದದ್ದಲ್ಲ, ಆಗ ಇಬ್ಬರ ಲೆಕ್ಕವೂ ಬೇಕು. ನಿಮ್ಮದು ಹಾಗಲ್ಲ ಅಂತ ನೀವು ಬರೆದದ್ದರಿಂದಲೇ ಗೊತ್ತಾಗುತ್ತದೆ.

ಕೆಳಗೆ ಒಬ್ಬರು ‘ಅಣ್ಣನ ಮನೆಯಲ್ಲಿ ಇದ್ದುಕೊಂಡು ಅವನಿಗೇ ಬಾಡಿಗೆ ಕೊಟ್ಟರೆ ಸಿಗುತ್ತಾ’ ಅಂತ ಕೇಳಿದ್ದಾರೆ. ಅಣ್ಣನೂ ಅದೇ ಮನೆಯಲ್ಲಿದ್ದರೆ ಸಿಗುವುದಿಲ್ಲ. ಸ್ನೇಹಿತೆಯ ಹೆಸರಿನ ಮನೆಯಲ್ಲಿ ಒಂದು ಕೋಣೆ ಹಿಡಿದು ಅವಳಿಗೆ ನಿಜವಾಗಿ ಬಾಡಿಗೆ ಕೊಡುತ್ತಿದ್ದರೆ ಅದು ನಿಮ್ಮದೇ ಬಾಡಿಗೆ, ಅವಳಿಂದ ಪತ್ರ ತೆಗೆದುಕೊಂಡು ಕೇಳಬಹುದು.

ನಿಮ್ಮ ಅರ್ಜಿಗೆ ಬಾಡಿಗೆಯ ಪಾಲು ಇಲ್ಲ ಅಂತ ಉತ್ತರ ಬಂದರೆ 1 ತಿಂಗಳೊಳಗೆ ಮರುಪರಿಶೀಲನೆ ಕೇಳಿ, ಜರ್ನಲ್‌ನಲ್ಲೇ ಕೇಳಬಹುದು. ಅಲ್ಲೂ ಆಗದಿದ್ದರೆ ಟ್ರಿಬ್ಯೂನಲ್ ಇದೆ, ಅದಕ್ಕೆ ಶುಲ್ಕ ಇಲ್ಲ. ಇವತ್ತು ರಾತ್ರಿ ಮಕ್ಕಳು ಮಲಗಿದ ಮೇಲೆ ಅರ್ಜಿ ಶುರು ಮಾಡಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಯಾವ ಪ್ರಶ್ನೆ ಅಂತ ಇಲ್ಲೇ ಬರೆಯಿರಿ, ಹೆಸರು ವಿಳಾಸ ಹಾಕಬೇಡಿ. ನಾನು ಹತ್ತು ಗಂಟೆಯ ನಂತರ ನೋಡುತ್ತೇನೆ.