ಸೈಕಲ್ ತುಳಿಯುವವರಿಗೂ ಹೆಲ್ಮೆಟ್ ಬೇಕೇ?

ಉಡುಪಿಯಿಂದ ಮಣಿಪಾಲಕ್ಕೆ ದಿನವೂ ಸೈಕಲ್‌ನಲ್ಲಿ ಹೋಗುತ್ತೇನೆ, ಹೆಲ್ಮೆಟ್ ಕಡ್ಡಾಯವೇ ಎಂದು ಕೇಳಿದ್ದೀರಿ. ಕಡ್ಡಾಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಮೋಟಾರ್ ಸೈಕಲ್ ಸವಾರರಿಗೆ ಸಂಬಂಧಿಸಿದ್ದು. ಆದರೂ ದಯವಿಟ್ಟು ಹಾಕಿಕೊಳ್ಳಿ.

ಬೆಳಿಗ್ಗೆ ಏರು ಹತ್ತುವಾಗ ವೇಗವೇ ಇರುವುದಿಲ್ಲ. ಅಪಾಯವಿರುವುದು ಸಂಜೆಯ ಇಳಿಜಾರಿನಲ್ಲಿ, ಅದೂ ಆಟಿಯ ಮಳೆಯಲ್ಲಿ. ಎರಡು ವರ್ಷದ ಹಿಂದೆ ನಾನು ಅಲ್ಲೇ ಜಾರಿ ಬಿದ್ದೆ. ಮನೆಗೆ ಬಂದು ಹೆಲ್ಮೆಟ್ ತಿರುಗಿಸಿ ನೋಡಿದರೆ, ಹೊರಗೆ ಬರೀ ಒಂದು ಗೀರು. ಒಳಗಿನ ಥರ್ಮೋಕೋಲ್ ಮಾತ್ರ ಕಿವಿಯ ಮೇಲ್ಭಾಗದಲ್ಲಿ ಹೆಬ್ಬೆರಳಗಲ ತಗ್ಗಿ, ಸೀಳುಬಿಟ್ಟಿತ್ತು. ಅದರ ಕೆಲಸವೇ ಅದು. ತಾನು ಜಜ್ಜಿಹೋಗುತ್ತಾ ತಲೆ ನಿಲ್ಲುವ ಕ್ಷಣವನ್ನು ತುಸು ಹಿಗ್ಗಿಸುತ್ತದೆ, ಮಿದುಳಿಗೆ ತಾಗುವ ಪೆಟ್ಟು ಅಷ್ಟರಮಟ್ಟಿಗೆ ಇಳಿಯುತ್ತದೆ. ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲ. ಒಮ್ಮೆ ಪೆಟ್ಟು ತಿಂದ ಹೆಲ್ಮೆಟ್ ನೋಡಲು ಚೆನ್ನಾಗಿದ್ದರೂ ಬದಲಿಸಲೇಬೇಕು.

ಇದಕ್ಕೂ ಮಿತಿಯಿದೆ. ಯುರೋಪಿನ ಇಎನ್ 1078 ಮಾನದಂಡದಲ್ಲಿ ಪರೀಕ್ಷಿಸುವುದು ಗಂಟೆಗೆ ಸುಮಾರು 20 ಕಿ.ಮೀ. ವೇಗದ ಹೊಡೆತವನ್ನು. ಧಾವಿಸಿ ಬರುವ ಬಸ್ಸು ಗುದ್ದಿದರೆ ಹೆಲ್ಮೆಟ್ ಒಂದನ್ನೇ ನಂಬುವಂತಿಲ್ಲ. ಹಿಂಬದಿಗೆ ಕೆಂಪು ದೀಪ, ಮಳೆಯಲ್ಲೂ ಹಿಡಿಯುವ ಬ್ರೇಕ್ ಬೇಕೇ ಬೇಕು.

ಮನೆಯಲ್ಲಿರುವ ಬೈಕ್ ಹೆಲ್ಮೆಟ್ ಬೇಡ, ನಮ್ಮ ಸೆಕೆಗೆ ನಾಲ್ಕೇ ದಿನದಲ್ಲಿ ಮೂಲೆ ಸೇರುತ್ತದೆ. ಗಾಳಿಕಿಂಡಿಗಳಿರುವ ಸೈಕಲ್ ಹೆಲ್ಮೆಟ್ಟನ್ನೇ ಕೊಳ್ಳಿ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಗಲ್ಲದ ಪಟ್ಟಿಯೊಳಗೆ ಒಂದೆರಡು ಬೆರಳಷ್ಟೇ ತೂರಬೇಕು.