ಅಟ್ಟದ ಟ್ರಂಕು ಮೊಮ್ಮಗನ ಕೈಗೆ ಕೊಡಬಹುದೇ?

ಓದುಗರ ಪತ್ರ: ‘ನನ್ನ ಬಳಿ 60 ಕ್ಯಾಸೆಟ್ಟು, 11 ಗ್ರಾಮಫೋನ್ ತಟ್ಟೆ ಇವೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಶೀಟಿನ ಅಟ್ಟದ ಟ್ರಂಕಿನಲ್ಲಿಟ್ಟಿದ್ದೇನೆ. ವಚನ, ಭಾವಗೀತೆ, ಕಂಪನಿ ನಾಟಕದ ಹಾಡು. ಇಷ್ಟು ವರ್ಷ ಮನೆಯಲ್ಲಿ ಕೇಳುವವರಿರಲಿಲ್ಲ. ಈಗ ಇಂಜಿನಿಯರಿಂಗ್ ಓದುವ ಮೊಮ್ಮಗ ಎಲ್ಲ ಕೆಳಗಿಳಿಸು ಅನ್ನುತ್ತಾನೆ. ಎರಡು ಕ್ಯಾಸೆಟ್ಟು ಕಂಪ್ಯೂಟರಿಗೆ ಹಾಕಿ, ಸುಯ್ ಸದ್ದು ತೆಗೆದು, 30 ಸೆಕೆಂಡಿಗೆ ಕತ್ತರಿಸಿ ಗೆಳೆಯರಿಗೆ ಕಳಿಸಿದ್ದಾನೆ. ಇದು ಸಂಗೀತ ಕೇಳುವ ರೀತಿಯೇ? ಟ್ರಂಕಿನ ಬೀಗ ತೆಗೆಯಲು ಮನಸ್ಸಾಗುತ್ತಿಲ್ಲ. ಪಟ್ಟಿ ಜೊತೆಗಿಟ್ಟಿದ್ದೇನೆ.’ – ನಿವೃತ್ತ ಮೇಷ್ಟ್ರು, ವಿದ್ಯಾನಗರ, ದಾವಣಗೆರೆ

ಮೇಷ್ಟ್ರೇ, ಮೊದಲು ಬೀಗ ತೆಗೆಯಿರಿ, ಉಳಿದದ್ದು ಆಮೇಲೆ ಮಾತಾಡೋಣ.

30 ಸೆಕೆಂಡಿನ ತುಂಡು ಹಾಡಲ್ಲ, ಒಪ್ಪಿದೆ. ಪಲ್ಲವಿ ಮುಗಿಯುವ ಮೊದಲೇ ಮುಂದಿನದಕ್ಕೆ ಬೆರಳು ಹಾರುತ್ತದೆ, ಅದೂ ಒಪ್ಪಿದೆ. ಆದರೆ ಕತ್ತರಿ ಹಿಡಿದವರಲ್ಲಿ ನಿಮ್ಮ ಮೊಮ್ಮಗ ಮೊದಲನೆಯವನಲ್ಲ. 1902ರಲ್ಲಿ ಕಲಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಹಾಡಿದಾಗ ಗಂಟೆಗಟ್ಟಲೆ ಹರಡಿಕೊಳ್ಳುವ ರಾಗವನ್ನು ಮೂರು ನಿಮಿಷಕ್ಕೆ ಮಡಚಿ ತಟ್ಟೆಗೆ ಹಾಕಲಾಯಿತು. ಕೊನೆಗೆ ತಮ್ಮ ಹೆಸರನ್ನೂ ಆಕೆ ಕೂಗಿ ಹೇಳಬೇಕಿತ್ತು, ತಟ್ಟೆ ಒತ್ತುತ್ತಿದ್ದ ಜರ್ಮನಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲಿ ಅಂತ. ಅವರ ಕೊನೆಯ ದಿನಗಳು ಕಳೆದದ್ದು ನಮ್ಮ ಮೈಸೂರಿನಲ್ಲೇ. 1930ರಲ್ಲಿ ತೀರಿಕೊಂಡದ್ದೂ ಅಲ್ಲೇ. ಮೂರು ನಿಮಿಷದಲ್ಲಿ ಏನು ಸಂಗೀತ ಎಂದು ಮುಖ ತಿರುಗಿಸಿದ ಹಿರಿಯರು ಆಗಲೂ ಇದ್ದರು.

ಆ ಮೂರು ನಿಮಿಷ ಏನು ಮಾಡಿತು ನೋಡಿ. ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರು ಹುಟ್ಟಿದ್ದು 1872ರಲ್ಲಿ, ಭೀಮಸೇನ ಜೋಶಿಯವರು 1922ರಲ್ಲಿ. ನಡುವೆ ಸುಮಾರು 50 ವರ್ಷ, ಅಂದರೆ ನಿಮಗೂ ಮೊಮ್ಮಗನಿಗೂ ಇರುವಷ್ಟೇ ದೂರ. ಖಾನ್ ಸಾಹೇಬರ ಝಿಂಝೋಟಿ ಠುಮ್ರಿಯ ತಟ್ಟೆ ಅಂಗಡಿಯಲ್ಲಿ ತಿರುಗುತ್ತಿದ್ದಾಗ ಕೇಳಿದ ಹುಡುಗ ಭೀಮಸೇನ 1933ರಲ್ಲಿ ಗದಗಿನ ಮನೆ ಬಿಟ್ಟು ಗುರುವನ್ನು ಹುಡುಕಿ ಹೊರಟ. ಶರೀಫರ ಪದಗಳ ಕಥೆಯೂ ಇದೇ. ಅವರು ತೀರಿಕೊಂಡದ್ದು 1889ರಲ್ಲಿ. ಸುಮಾರು ಒಂದು ಶತಮಾನದ ಬಳಿಕ ಸಿ. ಅಶ್ವಥ್ ಕ್ಯಾಸೆಟ್ಟಿನಲ್ಲಿ ಹಾಡಿದ ಮೇಲೆ ಅವು ಪೇಟೆಯ ಹುಡುಗರ ಬಾಯಿಗೆ ಬಂದವು. ಏಕತಾರಿ ಹಿಡಿದ ಭಜನೆ ಮೇಳದ ಮಟ್ಟು ಅದಲ್ಲ, ನಿಜ. ಆದರೆ ಆ ಕ್ಯಾಸೆಟ್ಟು ಕೇಳಿದ ಮೇಲೆ ತಾನೇ ಎಷ್ಟೋ ಜನ ಭಜನೆ ಮೇಳದ ಕಡೆ ಕಿವಿ ತಿರುಗಿಸಿದ್ದು?

ಮೊಮ್ಮಗ ತಪ್ಪಿದ್ದು ಬೇರೆ ಕಡೆ. ಸುಯ್ ಸದ್ದು ತೆಗೆದನಲ್ಲ, ಅಲ್ಲಿ ಅವನನ್ನು ಕೂರಿಸಿ ಹೇಳಬೇಕು. ಟೇಪಿನ ಸುಯ್ಗುಟ್ಟುವಿಕೆ ಇರುವ ಎತ್ತರದ ಶ್ರುತಿಯ ಜಾಗದಲ್ಲೇ ತಂಬೂರಿಯ ಜವಾರಿಯ (ತಂತಿಯ ಝೇಂಕಾರದ) ಮಿಂಚು, ಹಾರ್ಮೋನಿಯಂ ರೀಡಿನ ಅಂಚು, ಹಾಡುವವರ ಸಕಾರ ಶಕಾರಗಳೂ ಕೂತಿರುತ್ತವೆ. ಒಂದನ್ನು ಗುಡಿಸಿದರೆ ಇನ್ನೊಂದೂ ಹೋಗುತ್ತದೆ. ಕೊನೆಗೆ ಉಳಿಯುವುದು ನೀರಿನೊಳಗಿಂದ ಬಂದಂಥ ಧ್ವನಿ. ಸದ್ದಿನ ಸಮೇತ ಒಂದು ಪ್ರತಿ ಎತ್ತಿಟ್ಟುಕೊಂಡು, ಆಟವನ್ನೆಲ್ಲ ಅದರ ನಕಲಿನ ಮೇಲೆ ಆಡಲಿ.

ಈಗ ಕೆಲಸದ ಮಾತು. ಕ್ಯಾಸೆಟ್ಟು ಕೈಗೆ ಬಂದ ಕೂಡಲೇ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ಕಿವಿಗಳನ್ನು ಮುರಿಯಬೇಕು. ಅವು ಇರುವ ತನಕ, ಕೈತಪ್ಪಿ ರೆಕಾರ್ಡಿನ ಕೆಂಪು ಗುಂಡಿ ಒತ್ತಿದರೆ ಹಳೆಯದು ಅಳಿಸಿ ಹೋಗುತ್ತದೆ. ಆಮೇಲೆ ಕಿಂಡಿಯಲ್ಲಿ ಸುರುಳಿಯ ಅಂಚು ನೋಡಲಿ. ಬಿಳಿ ಪುಡಿ ಕಂಡರೆ ಅದು ಬೂಷ್ಟು, ಅಂಥದ್ದನ್ನು ಹಾಕಲೇಬಾರದು. ಯಂತ್ರದಲ್ಲಿ ಟೇಪು ಓದುವ ಹೆಡ್ಡಿಗೆ ಅಂಟಿದ ಬೂಷ್ಟು ಮುಂದಿನ ಹತ್ತು ಕ್ಯಾಸೆಟ್ಟಿಗೂ ಹಬ್ಬುತ್ತದೆ. ನೀವು ಪ್ರೀತಿಯಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಶೀಟಿನ ಅಟ್ಟದಲ್ಲಿಟ್ಟಿದ್ದೀರಲ್ಲ, ಬೂಷ್ಟು ಬರುವುದು ಅದರಿಂದಲೇ. ಒಳಗೆ ಸಿಕ್ಕಿಬಿದ್ದ ತೇವಕ್ಕೆ ದಾವಣಗೆರೆಯ ಏಪ್ರಿಲ್ ಕಾವು ಸೇರಿದರೆ ಇನ್ನೇನಾಗಬೇಕು?

ಚೆನ್ನಾಗಿರುವುದನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಬೇಕು. ವರ್ಷಗಟ್ಟಲೆ ಒಂದಕ್ಕೊಂದು ಒತ್ತಿಕೊಂಡಿದ್ದ ಪದರ ಸಡಿಲವಾಗುತ್ತದೆ. 90 ನಿಮಿಷದ ಕ್ಯಾಸೆಟ್ಟಿನ ಟೇಪು 60ರದಕ್ಕಿಂತ ತೆಳು, ಅಲ್ಲಿ ಜೋಪಾನ. ಧ್ವನಿ ಮಂಕಾಗಿ ಏರಿಳಿಯುತ್ತಿದ್ದರೆ ಟೇಪು ಕೆಟ್ಟಿತೆಂದು ಎಸೆಯಬೇಡಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ಮೆತ್ತೆ ಉದುರಿರುತ್ತದೆ. ಸ್ಕ್ರೂ ಇರುವ ಇನ್ನೊಂದು ಕ್ಯಾಸೆಟ್ಟಿನ ಗೂಡಿಗೆ ಸುರುಳಿ ಬದಲಿಸಿದರೆ ಸಾಕು. ಹೆಡ್ಡನ್ನು ಸ್ಪಿರಿಟ್ ಮುಟ್ಟಿಸಿದ ಹತ್ತಿಯಿಂದ ಪ್ರತಿ ಕ್ಯಾಸೆಟ್ಟಿಗೂ ಒರೆಸಲಿ. ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ತಾಳದ ಕಿಣಿ ಎಲ್ಲಿ ಅತಿ ಸ್ಪಷ್ಟವೋ ಅಲ್ಲಿ ನಿಲ್ಲಿಸಲಿ. ಮಾಡಲೇಬೇಕಾದ ಶುದ್ಧಿ ಅದು. ಸಾಫ್ಟ್‌ವೇರಿನ ಕೈಗೆ ಕೊಡುವ ಮುಂಚಿನದು.

ಕಂಪ್ಯೂಟರಿಗೆ 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ ಫೈಲಾಗಿ ಹೋಗಲಿ. ಒಂದು ಗಂಟೆಗೆ ಸುಮಾರು ಒಂದು ಜಿಬಿ ಹಿಡಿಯುತ್ತದೆ. ನಿಮ್ಮ 60 ಕ್ಯಾಸೆಟ್ಟೂ 90 ನಿಮಿಷದವೇ ಆದರೂ 100 ಜಿಬಿ ಮೀರುವುದಿಲ್ಲ. ಎರಡು ಡಿಸ್ಕಿನಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ.

ವೇಗದ ವಿಷಯ ನಿಮ್ಮ ಕಿವಿಗೇ ಬಿಟ್ಟದ್ದು, ಮೊಮ್ಮಗನಿಂದಾಗದು. ಸೆಲ್ಲು ಇಳಿಯುತ್ತಿರುವ ಟೇಪ್ ರೆಕಾರ್ಡರಿನಲ್ಲಿ ತುಂಬಿಸಿಕೊಂಡ ಹಾಡು ಇವತ್ತು ಸರಿಯಾದ ಯಂತ್ರದಲ್ಲಿ ಓಡುತ್ತದೆ, ಕೊನೆಕೊನೆಗೆ ಕೀಚಲಾಗುತ್ತದೆ. ಆಗ ಟೇಪು ನಿಧಾನ ಸರಿದಿತ್ತು. ವೇಗ ನೂರಕ್ಕೆ ಆರರಷ್ಟು ಹೆಚ್ಚಾದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆ ಏರುತ್ತದೆ, ಕರಿ ಒಂದು ಬಿಳಿ ಎರಡಾಗುತ್ತದೆ. ನಾಟಕದ ನಟಿ ಯಾವ ಮನೆಯಲ್ಲಿ ಹಾಡುತ್ತಿದ್ದರೆಂಬುದು ಪೆಂಡಾಲಿನಲ್ಲಿ ಕೂತು ಕೇಳಿದವರಿಗೆ ಗೊತ್ತು. ಹಾರ್ಮೋನಿಯಂ ಮುಂದಿಟ್ಟುಕೊಂಡು ನೀವೇ ಹೇಳಿಕೊಡಿ.

ತಟ್ಟೆಗಳ ಬಗ್ಗೆ ಒಂದು ಎಚ್ಚರಿಕೆ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆ ತಟ್ಟೆಯನ್ನು ಸ್ಪಿರಿಟ್‌ನಿಂದ ಒರೆಸಿದರೆ ಅದು ಕರಗುತ್ತದೆ, ಅದು ಅರಗಿನದ್ದು. ತಣ್ಣೀರಿಗೆ ಎರಡು ಹನಿ ಪಾತ್ರೆ ಸೋಪು, ಮೆತ್ತನೆ ಬ್ರಷ್ಷು, ಹಾಡು ಕೊರೆದ ಗೀರಿನ ಗುಂಟ, ಲೇಬಲ್ಲು ನೆನೆಯಬಾರದು. ಮಂಡಕ್ಕಿ ಮೆಣಸಿನಕಾಯಿ ತಿಂದ ಕೈಯಲ್ಲಂತೂ ಮುಟ್ಟಲೇಬಾರದು. ಲಾಂಗ್‌ಪ್ಲೇ ಮುಳ್ಳಿನಲ್ಲಿ ಹಾಕಿದರೆ ಕರಕರ ಅನ್ನುತ್ತದೆ: ಆ ಮುಳ್ಳಿನ ತುದಿ 18 ಮೈಕ್ರಾನ್ ಆಸುಪಾಸು, 78ಕ್ಕೆ ಬೇಕಾದದ್ದು 75ರಷ್ಟು. ಸಣ್ಣ ಮುಳ್ಳು ಗೀರಿನ ತಳಕ್ಕಿಳಿದು ಅಲ್ಲಿನ ಕಸವನ್ನೇ ಹಾಡಿಸುತ್ತದೆ. ಚಾವಿ ಕೊಡುವ ಪೆಟ್ಟಿಗೆಯಾದರೆ ಒಂದು ಮಗ್ಗುಲಿಗೆ ಒಂದು ಉಕ್ಕಿನ ಮುಳ್ಳು. ಅರಗಿನಲ್ಲಿ ಕಲ್ಲಿನ ಪುಡಿ ಬೆರೆಸಿದ್ದೇ ಮುಳ್ಳು ಸವೆದು ಗೀರಿಗೆ ಹೊಂದಲಿ ಎಂದು. ಸವೆದದ್ದನ್ನೇ ಮತ್ತೆ ಇಟ್ಟರೆ ಅದು ಉಳಿಯಂತೆ ಹಾಡನ್ನೇ ಕೆತ್ತಿಹಾಕುತ್ತದೆ. ಮುಳ್ಳು ಉಳಿಸಿದ ಜಿಪುಣತನದಿಂದ ಎಷ್ಟು ತಟ್ಟೆ ಹಾಳಾಗಿವೆಯೋ, ಹುಡುಗರ ಕೈಯಿಂದ ಅಷ್ಟು ಆಗಿರಲಾರವು.

ನನ್ನ ಸಿಟ್ಟು ಇರುವುದು ಇಲ್ಲೇ. ಹೊಸಬರಿಗೆ ಹಳೆ ಹಾಡು ಬೇಡ ಎಂದು ವೇದಿಕೆ ಹತ್ತಿ ಅಳುವವರ ಮನೆಯ ಕಪಾಟಿಗೇ ಬೀಗ. ಚಿಂದೋಡಿ ಮನೆತನದ ಕೆಬಿಆರ್ ನಾಟಕ ಕಂಪನಿ ಬೆಳೆದ ಊರು ನಮ್ಮದು. ಕ್ಯಾಂಪಿನಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳಲ್ಲಿ ಪದದ ತಲೆಯ ಮೇಲೆ ‘ಇಂಥ ಹಾಡಿನ ಮಟ್ಟು’ ಎಂದು ಅಚ್ಚಾಗಿರುತ್ತದೆ. ಆ ಇಂಥ ಹಾಡೇ ಮರೆತುಹೋದರೆ ಪುಸ್ತಕ ಹಿಡಿದುಕೊಂಡು ಏನು ಮಾಡುವುದು? ಚಳ್ಳಕೆರೆ ಸೀಮೆಯ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರರು ಅಕ್ಷರಕ್ಕಿಳಿಸಿದ್ದು ದೊಡ್ಡ ಉಪಕಾರ. ಆದರೆ ಅಕ್ಷರಕ್ಕೆ ಉಸಿರೆಳೆಯುವ ಜಾಗ ಗೊತ್ತಿಲ್ಲ. ಅದು ಗೊತ್ತಿರುವುದು ಟೇಪಿಗೆ. ಮದುವೆ ಛತ್ರದಲ್ಲಿ, ಮಠದ ಜಗಲಿಯಲ್ಲಿ, ಜಾತ್ರೆಯಲ್ಲಿ ತುಂಬಿಸಿದ ಎಷ್ಟೋ ಟೇಪಿನ ಮೇಲೆ ಆಮೇಲೆ ನಾವೇ ಸಿನಿಮಾ ಹಾಡು ತುಂಬಿಸಿಕೊಂಡೆವು. ಆಗ ಮೊಮ್ಮಕ್ಕಳು ಹುಟ್ಟಿರಲಿಲ್ಲ.

ಕಾಯಿದೆಯ ಭಯವೂ ಬೇಡ. ಮಾರಾಟಕ್ಕೆ ಬಂದ ಧ್ವನಿಮುದ್ರಣದ ಹಕ್ಕು ಹೊರಬಂದ ಮರುವರ್ಷದಿಂದ 60 ವರ್ಷ. ಪದ್ಯ ಬರೆದವರ, ರಾಗ ಹಾಕಿದವರ ಹಕ್ಕು ಅವರ ಕಾಲಾನಂತರ 60 ವರ್ಷ. ಊರಿಗೆಲ್ಲ ಹಂಚುವ ಮೊದಲು ಎರಡನ್ನೂ ನೋಡಿಕೊಳ್ಳಲಿ.

ಇನ್ನು ನೀವು ಕಳಿಸಿದ ಪಟ್ಟಿ, ಮೇಷ್ಟ್ರೇ. ನಲವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ಬರೆದ ಪಟ್ಟಿಯೇ ಇದು? ತಟ್ಟೆಯ ನಡುಭಾಗದಲ್ಲಿರುವ ಸಂಖ್ಯೆ ಒಂದಕ್ಕೂ ಬರೆದಿಲ್ಲ. 14ನೇ ಕ್ಯಾಸೆಟ್ಟಿನ ಎದುರು ‘ಜಾತ್ರೆ, ನಾಟಕದ ಹಾಡು, ಚೆನ್ನಾಗಿದೆ’ ಎಂದಷ್ಟೇ ಇದೆ. ಯಾವ ಜಾತ್ರೆ? ನಾಯಕನಹಟ್ಟಿಯದೋ, ದುಗ್ಗಮ್ಮನದೋ? ದುಗ್ಗಮ್ಮನದಾದರೆ ಅದು ಎರಡು ವರ್ಷಕ್ಕೊಮ್ಮೆ, ಯಾವ ವರ್ಷದ್ದು? ಹಾಡಿದವರು ಯಾರು, ಕಾಲು ಹಾರ್ಮೋನಿಯಂ ತುಳಿದವರು ಯಾರು, ತಬಲಾ ಯಾರದು? ಇವತ್ತು ಸಂಜೆ ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ, ನೀವು ಹೇಳಿ, ಅವನು ಬರೆದುಕೊಳ್ಳಲಿ. 14ರಿಂದಲೇ ಶುರುವಾಗಲಿ.

– ಸಂ.